ಒಂದೂವರೆ ಕಿಲೋ

ಕೂತಲ್ಲಿಗೇ ದುಡ್ಡು ಬರಬೇಕು ಎಂಬ ಆಸೆ ಯಾರಿಗಿಲ್ಲ? ತೂಕದಣ್ಣನ ಆಸೆ ಮಾತ್ರ ಸ್ವಲ್ಪ ಬೇರೆ ಥರದ್ದು. ತಾನು ಕೂರಬೇಕೆಂದು ಅವನು ಕೇಳಿಕೊಂಡವನೇ ಅಲ್ಲ. ಹೆಂಡತಿ ಕೂರಬೇಕು ಎಂಬುದಷ್ಟೇ ಅವನ ಹಟ. ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಸ್ತ್ರಿ ಮೇಜಿನ ಮುಂದೆ ಹತ್ತೊಂಬತ್ತು ವರ್ಷದಿಂದ ನಿಂತೇ ಇದ್ದಳು. ಆ ಹಾಲ್‌ನಲ್ಲಿ ನಲವತ್ತು ಮೇಜು, ನಲವತ್ತು ಇಸ್ತ್ರಿ ಪೆಟ್ಟಿಗೆ, ಒಂದೇ ಒಂದು ಕುರ್ಚಿ. ಆ ಕುರ್ಚಿ ಮೇಲ್ವಿಚಾರಕನದು. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಟ್ಟವಳೇ ನೆಲದ ಮೇಲೆ ಅಂಗಾತ ಮಲಗಿ ಎರಡೂ ಕಾಲನ್ನು ಗೋಡೆಗೆ ಆನಿಸುತ್ತಿದ್ದಳು. ಗೋಡೆಯ ಸುಣ್ಣದ ಮೇಲೆ ಅವಳ ಹಿಮ್ಮಡಿಯ ಎರಡು ಕಲೆ ಶಾಶ್ವತವಾಗಿ ಉಳಿದುಬಿಟ್ಟಿದ್ದವು.

ತೂಕದಣ್ಣ ತಕ್ಕಡಿ ರಿಪೇರಿಯವನು. ಅಂಗಡಿಗಳ ತಕ್ಕಡಿಗೆ ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಬೀಳಬೇಕಲ್ಲ, ಅದಕ್ಕೆ ಮುಂಚೆ ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಕೂದಲೆಳೆಯಷ್ಟೂ ತಪ್ಪಿಲ್ಲದ ಹಾಗೆ ಮಾಡಿಕೊಡುವುದು ಅವನ ಕೆಲಸ. ಕಬ್ಬಿಣದ ತೂಕದ ಬಟ್ಟುಗಳನ್ನು ತುಂಬಿದ ಚೀಲ ಸೈಕಲ್ಲಿನ ಹಿಂದೆ, ತಿರುಪು ಬಿಚ್ಚುವ ಸಾಮಾನು ಮುಂದೆ. "ಐದು ಗ್ರಾಂ ಆಚೆ ಈಚೆ ಆದ್ರೆ ಏನಣ್ಣ ಆಗುತ್ತೆ?" ಎಂದು ಹಲ್ಲು ಕಿರಿದ ಅಂಗಡಿಯವರಿಗೆ, "ಹಾಗಾದ್ರೆ ಬೇರೆಯವರನ್ನ ಕರೀರಿ" ಎಂದು ಚೀಲ ಕಟ್ಟುವವನು. ಆ ವಿಷಯದಲ್ಲಿ ಅವನನ್ನು ಯಾರೂ ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ.

ಕೂತಲ್ಲಿಗೇ ಬರುವ ದುಡ್ಡಿನ ಹುಳವನ್ನು ಅವನ ತಲೆಗೆ ಬಿಟ್ಟವನು ಭಾಮೈದ, ಹೆಂಡತಿಯ ತಮ್ಮ. ವಿಮಾ ಏಜೆಂಟು. ಮಾತಿಗೆ ಕೂತರೆ ಗೋಡೆಯೂ ಪಾಲಿಸಿ ಮಾಡಿಸಿಕೊಳ್ಳಬೇಕು, ಅಂಥ ಬಾಯಿ.

"ಭಾವ, ಇದಕ್ಕೆ ಪ್ಯಾಸಿವ್ ಇನ್‌ಕಮ್ ಅಂತಾರೆ. ನೀವು ಮಲಗಿರ್ತೀರ, ದುಡ್ಡು ಎದ್ದು ಓಡಾಡ್ತಿರುತ್ತೆ."

"ಅದು ಓಡಾಡಿ ಎಲ್ಲಿಗೆ ಹೋಗುತ್ತೋ?"

"ನಿಮ್ಮ ಜೇಬಿಗೇ ಬರುತ್ತೆ ಭಾವ. ಒಂದು ದಾರಿ ಸಾಲದು, ನಾಲ್ಕು ದಾರಿ ಮಾಡಬೇಕು. ಒಂದು ಕೈಕೊಟ್ರೆ ಇನ್ನೊಂದು."

ಮೊದಲ ದಾರಿ ಷೇರು. ಭಾಮೈದ ಆರಿಸಿಕೊಟ್ಟ ಟೈರಿನ ಕಂಪನಿ ಎಂಟು ತಿಂಗಳಿಗೆ ನೆಲ ಕಚ್ಚಿತು. ಎರಡನೇ ದಾರಿ ಕಾಲೇಜಿನ ಪಕ್ಕದ ಅಂಗಡಿಯಲ್ಲಿ ಪಾಲಿಗೆ ಇಟ್ಟ ಜೆರಾಕ್ಸ್ ಯಂತ್ರ. ಅದು ವಾರದಲ್ಲಿ ಮೂರು ದಿನ ಕಾಗದ ನುಂಗುತ್ತಿತ್ತು, ಉಳಿದ ದಿನ ಪಾಲುದಾರ ಲಾಭ ನುಂಗುತ್ತಿದ್ದ. ಮೂರನೆಯದು ಬಾಡಿಗೆಗೆ ಬಿಟ್ಟ ಎರಡು ಹೊಲಿಗೆ ಯಂತ್ರ. ಬಾಡಿಗೆಯವಳು ಮನೆ ಬಿಟ್ಟು ಹೋಗುವಾಗ ಯಂತ್ರವನ್ನೂ ತೆಗೆದುಕೊಂಡೇ ಹೋದಳು. ಹೀಗೆ ಮೂರು ಸಲ ಕೈ ಸುಟ್ಟುಕೊಂಡ ಮೇಲೆ ತೂಕದಣ್ಣನಿಗೆ ಒಂದು ಬುದ್ಧಿ ಬಂತು. ಗೊತ್ತಿಲ್ಲದ ಕೆಲಸಕ್ಕೆ ಯಾಕೆ ಕೈ ಹಾಕಬೇಕು? ಗೊತ್ತಿರುವುದು ಒಂದೇ, ತೂಕ.

ರೈಲು ನಿಲ್ದಾಣದಲ್ಲಿ ಕೆಟ್ಟು ನಿಂತಿದ್ದ ಎರಡು ತೂಕದ ಮಷೀನುಗಳನ್ನು ಗುಜರಿ ಲೆಕ್ಕದಲ್ಲಿ ಹರಾಜು ಹಾಕಿದ್ದರು. ಮೇಲೆ ಹತ್ತಿ ನಿಂತು ನಾಣ್ಯ ಹಾಕಿದರೆ ತೂಕ, ತಾರೀಖು ಮುದ್ರಿಸಿದ ಒಂದು ಚೀಟಿ ಟಕ್ಕೆಂದು ಬೀಳುತ್ತದಲ್ಲ, ಆ ಥರದ್ದು. ಅವನು ಎರಡನ್ನೂ ಗಾಡಿಯಲ್ಲಿ ಹೇರಿಕೊಂಡು ಬಂದು, ನಾಲ್ಕು ಭಾನುವಾರ ಕೂತು, ಸ್ಪ್ರಿಂಗು ಬದಲಿಸಿ, ದೀಪ ಹಾಕಿ, ಬಣ್ಣ ಬಳಿದ. ಒಂದು ಔಷಧಿ ಅಂಗಡಿಯ ಮುಂದೆ ನಿಂತಿತು, ಇನ್ನೊಂದು ಚಿತ್ರಮಂದಿರದ ಮೆಟ್ಟಿಲ ಬದಿಗೆ. ಜಾಗ ಕೊಟ್ಟವರಿಗೆ ನಾಲ್ಕರಲ್ಲಿ ಒಂದು ಪಾಲು.

ಚೀಟಿಯ ಹಿಂಬದಿಗೆ ಒಂದು ಭವಿಷ್ಯವಾಣಿ ಬೇಕಲ್ಲ. ಅದನ್ನು ಬರೆದವಳು ಹೆಂಡತಿ. ಶಾಲೆಯ ಹಳೇ ನೋಟುಪುಸ್ತಕದಲ್ಲಿ, ಕಾಲು ಗೋಡೆಗೆ ಆನಿಸಿಕೊಂಡು, ಎದೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದಳು. "ನೀವು ಹುಡುಕುತ್ತಿರುವುದು ಇಟ್ಟ ಜಾಗದಲ್ಲೇ ಇದೆ." "ಈ ವಾರ ಯಾರೋ ನಿಮ್ಮ ಮಾತು ಪೂರ್ತಿ ಕೇಳಿಸಿಕೊಳ್ಳುತ್ತಾರೆ." "ನಾಳೆ ನಿಮಗೆ ಕೂರಲು ಜಾಗ ಸಿಗುತ್ತದೆ." ಒಟ್ಟು ಅರವತ್ತು. ಮುದ್ರಣದವನು ಓದಿ ನಕ್ಕು, ಅರವತ್ತೊಂದನೆಯದನ್ನು ತಾನೇ ಸೇರಿಸುತ್ತೇನೆ ಎಂದದ್ದಕ್ಕೆ ಅವಳು ಬಿಲ್ಕುಲ್ ಒಪ್ಪಲಿಲ್ಲ.

ಬೀರುವಿನ ಬಾಗಿಲ ಒಳಬದಿಗೆ ಅವನು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದ. ಅದು ಅವಳ ತಿಂಗಳ ಸಂಬಳದ ಗೆರೆ. ಕೆಳಗಿನಿಂದ ಪ್ರತಿ ತಿಂಗಳು ಮಷೀನಿನ ಆದಾಯದ ಒಂದು ಗೀಟು.

"ಮೂರು ತಿಂಗಳು ಬಿಡದೆ ಈ ಗೆರೆ ಮುಟ್ಲಿ, ನೀನು ಕೆಲಸ ಬಿಡು."

"ಮೂರು ಯಾಕೆ? ಒಂದು ಸಾಲ್ದಾ?"

"ಒಂದು ತಿಂಗಳು ಯಾರಿಗೆ ಬೇಕಾದ್ರೂ ಬರುತ್ತೆ. ಮೂರು ಬಂದ್ರೆ ಅದು ತೂಕ."

ಮಷೀನುಗಳು ಎರಡಿದ್ದದ್ದು ಐದಾದವು. ಆದರೆ ಗೀಟು ಮೊಣಕಾಲೆತ್ತರ ದಾಟಲಿಲ್ಲ. ಜನ ಹತ್ತುತ್ತಿದ್ದರು, ಚೀಟಿ ನೋಡುತ್ತಿದ್ದರು, ಮುಖ ಗಂಟು ಹಾಕಿಕೊಂಡು ಇಳಿಯುತ್ತಿದ್ದರು, ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಐದನೆಯ ಮಷೀನು ಮಾತ್ರ ಬೇರೆಲ್ಲದಕ್ಕಿಂತ ಎರಡು ಪಟ್ಟು ನಾಣ್ಯ ನುಂಗುತ್ತಿತ್ತು. ತೂಕದಣ್ಣ ಬಟ್ಟು ಇಟ್ಟು ನೋಡಿದ. ಸಾಗಿಸುವಾಗ ತಿರುಪು ಜಾರಿ, ಅದು ಎಲ್ಲರಿಗೂ ಒಂದೂವರೆ ಕಿಲೋ ಕಡಿಮೆ ತೋರಿಸುತ್ತಿತ್ತು!

ಅವನು ತುಂಬ ಹೊತ್ತು ಆ ತಿರುಪನ್ನೇ ನೋಡುತ್ತ ನಿಂತ. ಅಂಗಡಿಯವನೊಬ್ಬ ಐದು ಗ್ರಾಂ ಕೇಳಿದರೆ ಚೀಲ ಕಟ್ಟುವ ಮನುಷ್ಯ. ಆಮೇಲೆ ಉಳಿದ ನಾಲ್ಕರ ತಿರುಪನ್ನೂ ಅಷ್ಟೇ ತಿರುಗಿಸಿದ.

"ನೀವೇ ಹೀಗೆ ಮಾಡ್ತೀರಾ?" ಹೆಂಡತಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಅಂಗಡೀಲಿ ಮಾಡಿದ್ರೆ ಮೋಸ. ಅಲ್ಲಿ ಒಬ್ಬನದು ಇನ್ನೊಬ್ಬನಿಗೆ ಹೋಗುತ್ತೆ. ಇಲ್ಲಿ ಯಾರದು ಏನು ಹೋಯ್ತು? ನಗ್ತಾ ಇಳೀತಾರೆ, ಅಷ್ಟೇ."

ಅವಳಿಗೆ ಅದು ಸರಿ ಎನಿಸಲಿಲ್ಲ, ತಪ್ಪು ಎನ್ನಲೂ ಆಗಲಿಲ್ಲ. ಅಂದಿನಿಂದ ಮನೆಯಲ್ಲಿ ಅದೊಂದು ತಮಾಷೆಯಾಯಿತು. ಅವನು ತಡವಾಗಿ ಬಂದು, ಹತ್ತೇ ನಿಮಿಷ ತಡವಾಯಿತು ಎಂದರೆ, "ನಿಮ್ಮ ಒಂದೂವರೆ ಕಿಲೋ ಸೇರಿಸಿ ಹೇಳಿ" ಎನ್ನುತ್ತಿದ್ದಳು.

ಮಷೀನು ಹನ್ನೊಂದಾದಾಗ, ಹನ್ನೊಂದನೆಯದನ್ನೂ ಒಂದೂವರೆ ಕಡಿಮೆಗೇ ತಿರುಗಿಸಿ ಅವಳ ಕಾರ್ಖಾನೆಯ ಗೇಟಿನ ಎದುರಿನ ಬಸ್ ತಂಗುದಾಣದಲ್ಲಿ ನಿಲ್ಲಿಸಿದ. ಶನಿವಾರ ಅರ್ಧ ದಿನಕ್ಕೆ ಕೆಲಸ ಮುಗಿದು ಮುನ್ನೂರು ಹೆಂಗಸರು ಒಟ್ಟಿಗೆ ಹೊರಬೀಳುವ ಜಾಗ. ಆದರೆ ಎಲ್ಲರೂ ನೋಡುತ್ತ ನಿಲ್ಲುವವರೇ, ಮೊದಲು ಹತ್ತುವವರಿಲ್ಲ. ಹಾಗಾಗಿ ಬೋಣಿ ಮಾಡುವ ಕೆಲಸ ಹೆಂಡತಿಯದಾಯಿತು. ಅವಳು ಎಲ್ಲರೆದುರು ಜಂಬದಿಂದ ಹತ್ತಿ, ನಾಣ್ಯ ಹಾಕಿ, ಚೀಟಿ ಓದಿ ಗಟ್ಟಿಯಾಗಿ ನಗುತ್ತಿದ್ದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಮನೆಯ ನಾಣ್ಯ ಲೆಕ್ಕಕ್ಕೆ ಸೇರಬಾರದೆಂದು ಅವಳು ಅದಕ್ಕೆ ಉಗುರಿನ ಕೆಂಪು ಬಣ್ಣ ಬಳಿದಿದ್ದಳು. ಭಾನುವಾರ ತೂಕದಣ್ಣ ಪೆಟ್ಟಿಗೆ ಖಾಲಿ ಮಾಡುವಾಗ ಕೆಂಪು ನಾಣ್ಯ ಹೆಕ್ಕಿ ತೆಗೆದು ಅವಳಿಗೆ ವಾಪಸು ಕೊಡುತ್ತಿದ್ದ. ಶನಿವಾರ ಅದು ಮತ್ತೆ ಮಷೀನಿಗೆ. ಒಂದೇ ನಾಣ್ಯ ವರ್ಷಗಟ್ಟಲೆ ಹೀಗೆ ಹೋಗಿ ಬರುತ್ತಿತ್ತು. ಚೀಟಿಗಳನ್ನು ಅವಳು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಾಕಿಡುತ್ತಿದ್ದಳು, ತನ್ನ ಅರವತ್ತೂ ಭವಿಷ್ಯ ತನಗೇ ಯಾವಾಗ ಬರುತ್ತದೋ ನೋಡಬೇಕೆಂದು.

ಒಂದು ಶನಿವಾರ ಊಟಕ್ಕೆ ಕೂತಾಗ ಅವಳೆಂದಳು:

"ರೀ, ಗೇಟಿನ ಮಷೀನು ನನ್ನ ಐವತ್ತೆರಡು ಅಂತು. ಮೊದಲು ಐವತ್ನಾಲ್ಕೂವರೆ ಇದ್ದೆ. ಮತ್ತೆ ತಿರುಪು ತಿರುಗಿಸಿದ್ರಾ?"

ತೂಕದಣ್ಣ ತೆರೆದಿದ್ದ ಬೀರುವಿನ ಬಾಗಿಲ ಕಡೆ ನೋಡುತ್ತಿದ್ದ. ಆ ತಿಂಗಳ ಗೀಟು ಗೆರೆಗೆ ಎರಡು ಬೆರಳಷ್ಟು ಹತ್ತಿರ ಬಂದಿತ್ತು. ಗೇಟಿನ ಮಷೀನಿನ ಪೆಟ್ಟಿಗೆಯಂತೂ ತುಂಬಿ ತುಳುಕುತ್ತಿತ್ತು. ಅಲ್ಲಿ ನಿಲ್ಲಿಸಿದ ಮೇಲೆ ತಿರುಪನ್ನು ಅವನು ಮುಟ್ಟಿಯೇ ಇರಲಿಲ್ಲ. ಆದರೂ ತನ್ನ ಜಾಣತನದ ಗುಂಗಿನಲ್ಲಿ, "ಹೂಂ" ಎಂದ.

ಆ ಒಂದು ಹೂಂ ಎಷ್ಟು ತೂಗುತ್ತದೆಂದು ಅವನಿಗೆ ಆಗ ಗೊತ್ತಿರಲಿಲ್ಲ.

ಎರಡು ತಿಂಗಳು ಬಿಟ್ಟು ಮತ್ತೆ, "ಇವತ್ತು ಐವತ್ತು ಅಂತು ಕಣ್ರೀ. ಹುಡುಗೀರೆಲ್ಲ ಹೊಟ್ಟೆ ಹುಣ್ಣಾಗೋ ಹಾಗೆ ನಕ್ರು. ಸಾಕು ನಿಲ್ಸಿ, ಯಾರಾದ್ರೂ ಅನುಮಾನ ಪಡ್ತಾರೆ" ಎಂದಳು.

"ನಿನಗೆ ಮಾತ್ರ ಸ್ಪೆಷಲ್ಲು" ಎಂದ ಅವನು.

ರವಿಕೆ ಸಡಿಲವಾಯಿತು ಎಂದಳು. ಹಳೇದು, ತೊಳೆದು ತೊಳೆದು ಹಿಗ್ಗಿದೆ ಎಂದ. ಬಳೆ ಮೊಣಕೈವರೆಗೆ ಜಾರುತ್ತದೆ ಎಂದಳು. ಹೊಸದು ಕೊಡಿಸುತ್ತೇನೆ ಎಂದ. ಸುಸ್ತು ಎಂದಳು, ಇನ್ನು ಎರಡೇ ತಿಂಗಳು, ಆಮೇಲೆ ಕೂತಿರುವೆಯಂತೆ ಎಂದ. ಅವನು ಕೆಟ್ಟ ಗಂಡನೇನಲ್ಲ. ಪ್ರತಿ ಮಾತಿಗೂ ಉತ್ತರ ಕೊಟ್ಟಿದ್ದಾನೆ. ಯಾವ ಉತ್ತರ ಕೊಡುವಾಗಲೂ ಅವಳ ಕಡೆ ತಿರುಗಿ ನೋಡಲಿಲ್ಲ, ಅಷ್ಟೇ.

ಮೊದಲ ತಿಂಗಳು ಗೀಟು ಗೆರೆ ಮುಟ್ಟಿತು. ಎರಡನೇ ತಿಂಗಳು ದಾಟಿತು. ಮೂರನೇ ತಿಂಗಳ ಇಪ್ಪತ್ತನೇ ತಾರೀಖು ಅವಳು ಇಸ್ತ್ರಿ ಮೇಜಿನ ಪಕ್ಕ ಕುಸಿದು ಬಿದ್ದಳು. ಮೇಲ್ವಿಚಾರಕ ಎದ್ದು ತನ್ನ ಕುರ್ಚಿಯನ್ನು ಅವಳಿಗೆ ಕೊಟ್ಟನಂತೆ. ಆ ಹಾಲ್‌ನಲ್ಲಿ ಅವಳು ಕೂತದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ದಾದಿ ಅವಳನ್ನು ತೂಕಕ್ಕೆ ನಿಲ್ಲಿಸಿ, "ನಲವತ್ತೆಂಟು" ಎಂದು ಬರೆದುಕೊಂಡಳು. ಹೊಟ್ಟೆಯಲ್ಲಿ ಗಡ್ಡೆ. ಡಾಕ್ಟರಮ್ಮ ಕಾಗದಗಳನ್ನು ಮಗುಚುತ್ತ, ತಲೆ ಎತ್ತದೆ ಕೇಳಿದರು:

"ತೂಕ ಇಳೀತಾ ಇದ್ದದ್ದು ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?"

"ಇಲ್ಲ" ಎಂದ ತೂಕದಣ್ಣ.

"ಅದು ನಮ್ಮ ಮನೆಯವರ ಮಷೀನು ಡಾಕ್ಟ್ರೇ" ಎಂದು ಹೆಂಡತಿ ಮಂಚದಿಂದ ನಕ್ಕಳು. ಡಾಕ್ಟರಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ಅವರು ಮುಂದಿನ ಕಾಗದಕ್ಕೆ ಹೋದರು.

ಅಲ್ಲಿಂದ ತೂಕದಣ್ಣನಿಗೆ ಏನೂ ಅನಿಸುವುದು ನಿಂತುಹೋಯಿತು. ಚಳಿಗಾಲದಲ್ಲಿ ಮರಗಟ್ಟಿದ ಬೆರಳಿನ ಹಾಗೆ ಅವನು ಪೂರ್ತಿ ಮರಗಟ್ಟಿದ. ಸಹಿ ಹಾಕು ಎಂದ ಕಡೆ ಸಹಿ ಹಾಕಿದ. ಔಷಧಿ ತಾ ಎಂದರೆ ತಂದ. ಶಸ್ತ್ರಚಿಕಿತ್ಸೆಯ ದಿನ ಐದು ಗಂಟೆ ಬೆಂಚಿನ ಮೇಲೆ ಕೂತು ಎದುರು ಗೋಡೆಯ ಟೈಲುಗಳನ್ನು ಎಣಿಸಿದ. ಅಡ್ಡ ಇಪ್ಪತ್ತೆರಡು, ಉದ್ದ ಹದಿನಾಲ್ಕು. ಭಯವಾಗಬೇಕಿತ್ತು, ಆಗಲಿಲ್ಲ. ಅಳು ಬರಬೇಕಿತ್ತು, ಬರಲಿಲ್ಲ.

ಭಾಮೈದ ಆ ಭಾನುವಾರ ತಾನೇ ಕೀಲಿಕೈ ಗೊಂಚಲು ತೆಗೆದುಕೊಂಡು ಹನ್ನೊಂದೂ ಮಷೀನು ಸುತ್ತಿ ಬಂದು, ಆಸ್ಪತ್ರೆಯ ಬೆಂಚಿನ ಮೇಲೆ ಅವನ ಪಕ್ಕ ನಾಣ್ಯದ ಚೀಲ ಇಟ್ಟ.

"ಮೂರನೇ ತಿಂಗಳೂ ದಾಟ್ತು ಭಾವ. ನೋಡಿ, ನೀವು ಇಲ್ಲಿ ಕೂತಿದ್ದೀರ, ಅದು ತಾನಾಗೇ ಬರ್ತಿದೆ." ಇಷ್ಟು ಹೇಳಿ, ತಾನು ಏನು ಹೇಳಿದೆ ಎಂದು ಹೊಳೆದವನ ಹಾಗೆ ಮುಖ ಮುಚ್ಚಿಕೊಂಡ.

ತೂಕದಣ್ಣ ಚೀಲವನ್ನು ಎತ್ತಿ ನೋಡಿದ. ಸುಮಾರು ಒಂಬತ್ತು ಕಿಲೋ ಇರಬಹುದು ಎನಿಸಿತು. ಬೇರೇನೂ ಅನಿಸಲಿಲ್ಲ.

ಮನೆಗೆ ಕಳಿಸುವ ದಿನ ಅವಳು ನಲವತ್ತನಾಲ್ಕು ಕಿಲೋ ಇದ್ದಳು. ಡಾಕ್ಟರಮ್ಮ ತೂಕದಣ್ಣನನ್ನು ಪಕ್ಕಕ್ಕೆ ಕರೆದು, ಒಂದೇ ವಿಷಯವನ್ನು ಎರಡು ಸಲ ಹೇಳಿದರು. ಆರು ವಾರ ಮನೆಯಲ್ಲಿ ಚೆನ್ನಾಗಿ ತಿನ್ನಲಿ. ಆರು ವಾರದ ಮೇಲೆ ಸೋಮವಾರ ಕರೆದುಕೊಂಡು ಬನ್ನಿ, ಸಿರೆಗೆ ಕೊಡುವ ಔಷಧಿ ಶುರು ಮಾಡೋಣ. ಆ ಔಷಧಿ ಜೋರು. ನಲವತ್ತಕ್ಕಿಂತ ಕೆಳಗಿದ್ದರೆ ಕೊಡುವ ಹಾಗಿಲ್ಲ.

"ಕೊಡದಿದ್ರೆ?"

"ಕೊಡೋ ಹಾಗಿರ್ಬೇಕು" ಎಂದರು ಅವರು. "ಪ್ರತಿ ಶನಿವಾರ ತೂಕ ನೋಡಿ. ಅವರಿಗೂ ನಲವತ್ತರ ವಿಷಯ ಹೇಳಿದ್ದೀನಿ."

ಮನೆಗೆ ಬಂದ ಎರಡನೇ ದಿನ, ಅವಳು ನಿದ್ದೆ ಹೋದ ಮಧ್ಯಾಹ್ನ, ಅವನು ಬಿಸ್ಕತ್ತಿನ ಡಬ್ಬಿ ತೆಗೆದ. ಚೀಟಿಗಳನ್ನು ತಾರೀಖಿನ ಪ್ರಕಾರ ಅಡುಗೆಮನೆಯ ನೆಲದ ಮೇಲೆ ಸಾಲಾಗಿ ಹಾಸಿದ. ಐವತ್ನಾಲ್ಕೂವರೆ. ಐವತ್ನಾಲ್ಕು. ಐವತ್ಮೂರು. ಸಾಲು ಒಲೆಯ ಹತ್ತಿರ ಶುರುವಾಗಿ ಬಾಗಿಲು ಮುಟ್ಟಿತು. ಕೊನೆಯದು ಅವಳು ಬೀಳುವ ಮುಂಚಿನ ಶನಿವಾರದ್ದು, ನಲವತ್ತಾರೂವರೆ. ಆಸ್ಪತ್ರೆಯ ತೂಕ ನಲವತ್ತೆಂಟು. ಯಾರಿಗಾದರೂ ಆಗುವ ಲೆಕ್ಕ. ಆದರೂ ಅವನು ಆ ಲೆಕ್ಕ ಮಾಡಲಿಲ್ಲ. ಕಬ್ಬಿಣದ ಬಟ್ಟುಗಳ ಚೀಲ ಸೈಕಲ್ಲಿಗೆ ಹೇರಿಕೊಂಡು ಕಾರ್ಖಾನೆ ಗೇಟಿಗೆ ಹೋದ.

ಹೋಗುವ ದಾರಿಯುದ್ದಕ್ಕೂ ಅವನ ಮನಸ್ಸಿನಲ್ಲಿ ಒಂದೇ ಬೇಡಿಕೆ ಇತ್ತು. ತಿರುಪು ಜಾರಿರಲಿ. ಐದು ಕಿಲೋ, ಆರು ಕಿಲೋ, ಎಷ್ಟಾದರೂ ಜಾರಿರಲಿ. ಆಗ ಅದು ಸುಳ್ಳು ಮಷೀನು, ಅದನ್ನು ನೋಡಿ ಯಾರಿಗೂ ಏನೂ ತಿಳಿಯುವಂತಿರಲಿಲ್ಲ ಎಂದಾಗುತ್ತದೆ. ಜೀವನವಿಡೀ ತಕ್ಕಡಿ ಸರಿಯಾಗಿರಲಿ ಎಂದು ದುಡಿದವನು ಅಂದು ಒಂದು ತಕ್ಕಡಿ ತಪ್ಪಾಗಿರಲಿ ಎಂದು ಬೇಡಿಕೊಂಡ.

ಇಪ್ಪತ್ತರ ಎರಡು, ಹತ್ತರದು ಒಂದು, ಒಟ್ಟು ಐವತ್ತು ಕಿಲೋ ಹಲಗೆಯ ಮೇಲಿಟ್ಟು ನಾಣ್ಯ ಹಾಕಿದ. ಚೀಟಿ ಟಕ್ಕೆಂದು ಬಿತ್ತು. ನಲವತ್ತೆಂಟೂವರೆ. ಬಟ್ಟು ಇಳಿಸಿ ಮತ್ತೆ ಇಟ್ಟ. ನಲವತ್ತೆಂಟೂವರೆ. ತಾನು ಎಷ್ಟು ತಿರುಗಿಸಿದ್ದನೋ ಅಷ್ಟೇ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆ ಇಲ್ಲ. ಮಷೀನು ವರ್ಷವಿಡೀ ವಾರಕ್ಕೊಮ್ಮೆ ಅವಳಿಗೆ ನಿಜವನ್ನೇ ಹೇಳಿತ್ತು. ಅದನ್ನು ಸುಳ್ಳು ಮಾಡಿದ್ದು ಊಟಕ್ಕೆ ಕೂತವನ ಒಂದು ಹೂಂ.

ತಂಗುದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಮುದುಕನೊಬ್ಬ, "ಕೆಟ್ಟಿದೆಯಾ?" ಎಂದು ಕೇಳಿದ.

"ಇಲ್ಲ, ಸರಿಯಾಗಿದೆ" ಎಂದ ತೂಕದಣ್ಣ. ಆ ಮಾತು ಬೇರೆ ಯಾರೋ ಆಡಿದ ಹಾಗೆ ಕೇಳಿಸಿತು. ಬೆನ್ನಿನ ಬಾಗಿಲು ತೆರೆದು, ತಿರುಪನ್ನು ಹಿಂದಕ್ಕೆ ತಿರುಗಿಸಿ, ಐವತ್ತಕ್ಕೆ ಐವತ್ತು ಬರುವ ತನಕ ಸರಿಮಾಡಿದ. ಔಷಧಿಯ ಲೆಕ್ಕದಲ್ಲಿ ನಲವತ್ತು ಎಂದರೆ ನಲವತ್ತೇ ಆಗಬೇಕಲ್ಲ. ಆಮೇಲೆ ಗಾಡಿ ಕರೆಸಿ ಮಷೀನನ್ನು ಮನೆಗೆ ತಂದು, ಅವಳು ಕೂರುವ ಕಿಟಕಿಯ ಪಕ್ಕ ನಿಲ್ಲಿಸಿದ.

ಅವಳಿಗೆ ಈಗ ಕೈ ಇರುವ, ಮೆತ್ತನೆಯ ಕುರ್ಚಿಯಿತ್ತು. ಬೆಳಗ್ಗೆ ಕೂತರೆ ಸಂಜೆವರೆಗೆ ಅದರಲ್ಲೇ. ಉಳಿದ ಹತ್ತು ಮಷೀನು ಊರಲ್ಲಿ ನಿಂತು ದುಡಿಯುತ್ತಿದ್ದವು. ತಕ್ಕಡಿ ಕೆಲಸಕ್ಕೆ ರಜೆ ಹಾಕಿದ್ದ ತೂಕದಣ್ಣನೂ ಎದುರಿಗೆ ಕೂತಿರುತ್ತಿದ್ದ. ಭಾಮೈದ ಹೇಳಿದ್ದೆಲ್ಲ ಅಕ್ಷರಶಃ ನಡೆಯುತ್ತಿತ್ತು.

"ಅಯ್ಯೋ, ನನ್ನ ಮಷೀನು!" ಎಂದು ಅವಳು ಅದನ್ನು ಕಂಡು ಖುಷಿಪಟ್ಟಳು. "ಈಗ ಎಷ್ಟು ತಿರುಗಿಸಿಟ್ಟಿದ್ದೀರ? ಆಗ ಏನೇನೋ ಮಾಡಿದ್ರಲ್ಲ, ಅದೆಲ್ಲ ತೆಗೆದ್ರಾ?"

ಆಗ ಏನೂ ಮಾಡಿರಲಿಲ್ಲ ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳೇ, "ಹಳೇ ಒಂದೂವರೆ ತಾನೇ?" ಎಂದಳು. ಅವನು ತಲೆಯಾಡಿಸಿದ. ಮಾತಾಡುವುದಕ್ಕಿಂತ ತಲೆಯಾಡಿಸುವುದು ಸುಲಭವಿತ್ತು.

ಅವಳು ಅವನ ಭುಜ ಹಿಡಿದು ಹತ್ತಿ ನಿಂತಳು. ಕೆಂಪು ನಾಣ್ಯ ಹಾಕಿದಳು. ಚೀಟಿ ನಲವತ್ತನಾಲ್ಕು ಎಂದಿತು.

"ನೋಡಿ, ಇದಕ್ಕೆ ನಿಮ್ಮ ಒಂದೂವರೆ ಸೇರಿಸಿದ್ರೆ ನಲವತ್ತೈದೂವರೆ! ಆಸ್ಪತ್ರೇಲಿ ನಲವತ್ನಾಲ್ಕು ಇದ್ದೆ. ಮನೆಗೆ ಬಂದು ಎರಡು ದಿನಕ್ಕೇ ಏರಿದ್ದೀನಿ ಕಣ್ರೀ!"

ಅವಳ ಮುಖ ಅರಳಿದ್ದನ್ನು ಅವನು ಎಷ್ಟೋ ದಿನದ ಮೇಲೆ ನೋಡಿದ. ಆ ರಾತ್ರಿ ಅವಳು ಕೇಳಿ ಇನ್ನೊಂದು ತುತ್ತು ಹಾಕಿಸಿಕೊಂಡಳು. ಅವನು ತುತ್ತು ಕಲಸಿ ಕೊಟ್ಟ, ತಿರುಪಿನ ಮಾತು ಎತ್ತಲಿಲ್ಲ. ಹೇಳಿದರೆ ಆ ತುತ್ತು ಹೋಗುತ್ತದೆ. ಹೇಳದಿದ್ದರೆ ಏನು ಹೋಗುತ್ತದೆ ಎಂದು ಯೋಚಿಸುವ ಶಕ್ತಿ ಅವನಿಗೆ ಇರಲಿಲ್ಲ.

ಎರಡನೇ ಶನಿವಾರ ನಲವತ್ಮೂರೂವರೆ. ಅವಳ ಲೆಕ್ಕಕ್ಕೆ ನಲವತ್ತೈದು. ಮೂರನೇ ಶನಿವಾರ ನಲವತ್ತೆರಡೂವರೆ. ನಾಲ್ಕನೆಯದಕ್ಕೆ ನಲವತ್ತೊಂದೂವರೆ. ತೂಕದಣ್ಣ ಹಾಲಿಗೆ ಬೆಣ್ಣೆ ಹಾಕಿದ, ಗಂಜಿಗೆ ಮೊಟ್ಟೆ ಒಡೆದು ಕಲಸಿದ, ಎರಡು ಗಂಟೆಗೊಮ್ಮೆ ಚಮಚ ಹಿಡಿದು ಎದುರು ಕೂತ. ಹೊಟ್ಟೆಯೇ ಒಪ್ಪದಿದ್ದರೆ ಚಮಚ ಏನು ಮಾಡೀತು? ಒಮ್ಮೊಮ್ಮೆ ಸಿಟ್ಟು ಬರುತ್ತದೇನೋ ಎಂದು ಕಾಯುತ್ತಿದ್ದ. ಅವಳ ಮೇಲೆ, ತನ್ನ ಮೇಲೆ, ಕಬ್ಬಿಣದ ಮೇಲೆ. ಅದೂ ಬರಲಿಲ್ಲ. ಪಾತ್ರೆ ತೊಳೆದು ಬೋರಲು ಹಾಕಿ, ಮತ್ತೆ ಬಂದು ಕೂರುತ್ತಿದ್ದ.

ಭಾಮೈದ ಬಂದಾಗ ಅಕ್ಕ ಅವನಿಗೂ ಲೆಕ್ಕ ಒಪ್ಪಿಸುತ್ತಿದ್ದಳು. "ಸ್ವಲ್ಪ ಇಳಿದಿದೆ ಕಣೋ, ಆದ್ರೂ ನಲವತ್ತರ ಮೇಲೆ ಮೂರು ಇದ್ದೀನಿ. ನಿಮ್ಮ ಭಾವನ ಮೋಸ ಮೊದಲನೇ ಸಲ ಉಪಯೋಗಕ್ಕೆ ಬಂತು, ಕಳೆಯೋ ಬದಲು ಕೂಡ್ತಿದ್ದೀನಿ."

ಐದನೆಯ ಶನಿವಾರ ನಲವತ್ತೂವರೆ. ಅಂದು ತೂಕದಣ್ಣ ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಕೂತು, ತಿರುಪನ್ನು ಮತ್ತೆ ತಿರುಗಿಸಿಬಿಟ್ಟರೆ ಹೇಗೆ ಎಂದು ಯೋಚಿಸಿದ. ಚೀಟಿಯಲ್ಲಿ ಬೇಕಾದ ಅಂಕಿ ಬರುವಂತೆ ಮಾಡುವುದು ಅವನಿಗೆ ಎರಡು ನಿಮಿಷದ ಕೆಲಸ. ಆದರೆ ಆಸ್ಪತ್ರೆಯ ತೂಕದ ಮಷೀನಿಗೆ ಅವನ ಕೈ ಎಟಕುವುದಿಲ್ಲ. ಸೋಮವಾರ ದಾದಿ ಬರೆದುಕೊಳ್ಳುವುದು ಆ ಅಂಕಿಯನ್ನು.

ಆರನೆಯ ಶನಿವಾರ ಬೆಳಗ್ಗೆ ಅವಳು ತಾನೇ ತಲೆ ಬಾಚಿಕೊಂಡಳು. ಸೋಮವಾರ ಉಡಬೇಕಾದ ಸೀರೆಯನ್ನು ಕುರ್ಚಿಯ ಬೆನ್ನಿಗೆ ಹಾಕಿಸಿದಳು. ಅದಕ್ಕೆ ಇಸ್ತ್ರಿ ಹಾಕಿದವನು ಅವನು. ಅಂಚು ಸರಿಯಾಗಿ ಕೂತಿಲ್ಲವೆಂದು ಅವಳು ಎರಡು ಸಲ ವಾಪಸು ಕಳಿಸಿದ್ದಳು. ಅವನು ಅವಳನ್ನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಹಲಗೆಯ ಮೇಲೆ ನಿಲ್ಲಿಸಿದ. ಎತ್ತುವಾಗಲೇ ಅವನ ಕೈಗೆ ಗೊತ್ತಾಯಿತು. ಮೂವತ್ತು ವರ್ಷ ತೂಕದ ಬಟ್ಟು ಎತ್ತಿದ ಕೈಗೆ ಬೇರೆ ಮಷೀನು ಬೇಕಿರಲಿಲ್ಲ.

ನಾಣ್ಯ ಬಿತ್ತು. ಚೀಟಿ ಬಂತು. ಅವಳೇ ಬಗ್ಗಿ ತೆಗೆದುಕೊಂಡಳು.

"ಮೂವತ್ತೊಂಬತ್ತೂವರೆ" ಎಂದು ಓದಿದಳು. ತುಟಿ ಅಲ್ಲಾಡಿಸಿ ಕೂಡಿದಳು. "ನಲವತ್ತೊಂದು. ಅಂತೂ ದಾಟಿದೆ ಕಣ್ರೀ. ಸೋಮವಾರ ಔಷಧಿ ಕೊಡ್ತಾರೆ."

ಅವನು ಅವಳನ್ನು ಇಳಿಸಿ ಕುರ್ಚಿಯಲ್ಲಿ ಕೂರಿಸಿದ. ಕಾಲ ಕೆಳಗೆ ದಿಂಬು ಇಟ್ಟ. ಅವಳು ಚೀಟಿ ಮಗುಚಿ ಹಿಂಬದಿ ಓದಿ, "ಇದು ಬಂದಾಗಿದೆ" ಎಂದು ಡಬ್ಬಿಗೆ ಹಾಕಿದಳು. ಆಮೇಲೆ ಏನೋ ನೆನಪಾದವಳಂತೆ ತಲೆ ಎತ್ತಿ, ಅವನ ಮುಖವನ್ನೇ ನೋಡಿದಳು.

"ತಿರುಪು ಹಾಗೇ ಇದೆ ತಾನೇ? ಮುಟ್ಟಿಲ್ವಲ್ಲ?"

ಈ ಸಲ ತೂಕದಣ್ಣ ಅವಳ ಕಡೆ ತಿರುಗಿ, ಅವಳ ಕಣ್ಣನ್ನೇ ನೋಡಿದ.

"ಹೂಂ" ಎಂದ. "ಹಾಗೇ ಇದೆ."

ಮಷೀನಿನ ಬೀಗ ತೆಗೆದು ಕೆಂಪು ನಾಣ್ಯವನ್ನು ಅವಳ ಕೈಗೆ ಕೊಟ್ಟ. ಮುಂದಿನ ಶನಿವಾರಕ್ಕೆಂದು ಅವಳು ಅದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು.